ಮರಗಳ ಮೌನವನ್ನು ಶಾಂತಿ ಎನ್ನಬೇಡಿ

ನಿಸರ್ಗಚಿತ್ರ ಕಂಡೊಡನೆ ನಮ್ಮ ವಿಮರ್ಶೆ ಒಂದೇ ರಾಗ ಹಾಡುತ್ತದೆ: ಮರವೆಂದರೆ ಪ್ರಶಾಂತತೆ, ಮುಸ್ಸಂಜೆಯೆಂದರೆ ವಿಷಾದ. ಸೆಮಿನಾರುಗಳಲ್ಲಿ ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ಜೇಮ್ಸ್ ಹಂಟರ್‌ನನ್ನೇ ನೋಡಿ. ಕಾರ್ನ್‌ವಾಲಿಸನ ದಂಡಿನಲ್ಲಿದ್ದ ಈ ಫಿರಂಗಿದಳದ ಅಧಿಕಾರಿ ಬರೆದ ಮೈಸೂರು ಸೀಮೆಯ ಚಿತ್ರಗಳು 1805ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಶ್ರೀರಂಗಪಟ್ಟಣದ ಲಾಲ್‌ಬಾಗಿನ ಗುಂಬಜ್ ಕೂಡ ಅವುಗಳಲ್ಲಿದೆ. ಪುಸ್ತಕದ ಹೆಸರಿನಲ್ಲೇ ‘ಪಿಕ್ಚರೆಸ್ಕ್’, ಅಂದರೆ ಚಿತ್ರದಂಥ ಚೆಲುವು. ಆದರೆ 1792ರ ಮುತ್ತಿಗೆಯಲ್ಲಿ ಅದೇ ದಂಡು ಅದೇ ತೋಟದ ಸೈಪ್ರೆಸ್ ಮರಗಳನ್ನು ಕಡಿದು, ಕೊಂಬೆಗಳ ಹೊರೆ ಕಟ್ಟಿ ಮುತ್ತಿಗೆಯ ಕಂದಕಗಳಿಗೆ ಬಳಸಿತು. ಮರ ಕಡಿದ ದಂಡೇ ಚೆಲುವನ್ನೂ ಬರೆಯಿತು.

‘ಚಿತ್ರದ ಭಾವ ಚಿತ್ರದೊಳಗೇ ಇದೆ, ಚರಿತ್ರೆ ಯಾಕೆ?’ ಎನ್ನುವವರಿದ್ದಾರೆ. ಬಣ್ಣ, ಬೆಳಕನ್ನು ನಾನೂ ನೋಡುತ್ತೇನೆ. ಆದರೆ ಸಂಕೇತಕ್ಕೆ ಊರು, ಇಸವಿ ಇರುತ್ತವೆ. ಗಂಜಾಂನ ಮರಕ್ಕೂ ಇಂಗ್ಲೆಂಡಿನ ಮರಕ್ಕೂ ಒಂದೇ ಅರ್ಥ ಹಚ್ಚುವುದು ಓದಲ್ಲ, ಸೋಮಾರಿತನ.

ಅದೇ ಊರಿನ ದರಿಯಾ ದೌಲತ್ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗವಿದೆ. ಅದನ್ನು ಎಲ್ಲರೂ ರಾಜಕೀಯವಾಗಿ ಓದುತ್ತಾರೆ. ಗುಂಬಜಿನ ಚಿತ್ರವನ್ನು ಮಾತ್ರ ಬರೀ ಸೌಂದರ್ಯವೆಂದು ಯಾಕೆ ಬಿಟ್ಟುಬಿಡಬೇಕು? ನೆರಳು ಚೆನ್ನಾಗಿದೆ ಎನ್ನುವ ಮುನ್ನ, ಆ ತೋಟದ ಮರಗಳು ಏನಾದವು ಎಂದು ಕೇಳಿ.