ಯುವ ಅಂಗಳ: ಮೊದಲ ದಿನ ಬೇಸರ ತರಿಸಿದ ಹಾಡು

ಗಿಟಾರ್ ಕೈಗೆ ಬಂದೊಡನೆ ಎಲ್ಲರೂ ನುಡಿಸಲು ಹೊರಡುವ ‘ಸ್ಟೇರ್‌ವೇ ಟು ಹೆವನ್’ ನಿಮಗೆ ಗೊತ್ತೇ ಇದೆ. ಲೆಡ್ ಝೆಪೆಲಿನ್ ತಂಡ ಅದನ್ನು ಮೊದಲು ವೇದಿಕೆಗೆ ತಂದದ್ದು 1971ರ ಮಾರ್ಚ್ 5ರಂದು, ಬೆಲ್‌ಫಾಸ್ಟ್‌ನ ಅಲ್ಸ್ಟರ್ ಹಾಲ್‌ನಲ್ಲಿ. ಧ್ವನಿಮುದ್ರಿಕೆ ಹೊರಬರಲು ಇನ್ನೂ ಎಂಟು ತಿಂಗಳಿತ್ತು. ಸಭಿಕರು ಕಾದಿದ್ದು ತಮಗೆ ಗೊತ್ತಿದ್ದ ಹಾಡುಗಳಿಗೆ. ಇದು ಅವರಿಗೆ ಬೇಸರ ತರಿಸಿತೆಂದು ಬಾಸ್ ಗಿಟಾರಿನ ಜಾನ್ ಪಾಲ್ ಜೋನ್ಸ್ ನೆನಪಿಸಿಕೊಂಡಿದ್ದಾರೆ.

ಆದರೂ ತಂಡ ಹಾಡನ್ನು ಕೈಬಿಡಲಿಲ್ಲ. ಅದಕ್ಕೆ ಆರು ತಂತಿಯ ಗಿಟಾರೂ ಬೇಕು, ಹನ್ನೆರಡು ತಂತಿಯದೂ ಬೇಕು. ನಡುವೆ ವಾದ್ಯ ಬದಲಿಸಲು ಪುರುಸೊತ್ತೆಲ್ಲಿ? ಅದಕ್ಕೇ ಜಿಮ್ಮಿ ಪೇಜ್ ಎರಡು ಕತ್ತಿನ ಗಿಬ್ಸನ್ ಗಿಟಾರ್ ಹೆಗಲಿಗೇರಿಸಿದರು.

ಮೂಲ ತಂಡ ಅದನ್ನು ಕೊನೆಯ ಸಲ ನುಡಿಸಿದ್ದು 1980ರ ಜುಲೈ 7ರಂದು, ಬರ್ಲಿನ್‌ನಲ್ಲಿ. ಸೆಪ್ಟೆಂಬರ್ 25ರಂದು ಡ್ರಮ್ಸ್ ವಾದಕ ಜಾನ್ ಬೋನಮ್ ತೀರಿಕೊಂಡರು, ತಂಡವೂ ಮುಗಿಯಿತು. 2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಉಳಿದ ಮೂವರು ಮತ್ತೆ ಸೇರಿದಾಗ, ಅದೇ ಹಾಡಿಗೆ ಡ್ರಮ್ಸ್ ಬಾರಿಸಿದವರು ಬೋನಮ್ ಅವರ ಮಗ ಜೇಸನ್. ಬಹುಕಾಲ ಈ ಹಾಡಿನಿಂದ ದೂರವಿದ್ದ ರಾಬರ್ಟ್ ಪ್ಲಾಂಟ್, 2023ರಲ್ಲಿ ಕ್ಯಾನ್ಸರ್ ನೆರವಿನ ಸಮಾರಂಭವೊಂದರಲ್ಲಿ ಅದನ್ನು ಮತ್ತೆ ಹಾಡಿದರು.

ಬೆಲ್‌ಫಾಸ್ಟ್‌ನ ಆ ರಾತ್ರಿಯೇ ಸೋತೆವೆಂದು ಬಿಟ್ಟಿದ್ದರೆ? ನಮ್ಮ ವಾರ್ಷಿಕೋತ್ಸವದಲ್ಲಿ ಯಾರಾದರೂ ಹೊಸ ಹಾಡು ಹಾಡಿದಾಗ, ಕ್ಯಾಂಟೀನಿನ ಕಡೆಗೆ ಎದ್ದು ಹೋಗದೆ ಸ್ವಲ್ಪ ಕೂತು ಕೇಳೋಣವೇ?