ರಸ್ತೆ ಕಣವಲ್ಲ, ಆದರೆ ಕಣ ಎಲ್ಲಿದೆ?

ಡಿಸೆಂಬರ್ ಬಂತೆಂದರೆ ತುಮಕೂರು, ಹಾಸನ, ಮಂಡ್ಯ, ಚಾಮರಾಜನಗರದ ಎಷ್ಟೋ ಹಳ್ಳಿರಸ್ತೆಗಳಲ್ಲಿ ಅರ್ಧ ಡಾಂಬರು ಕಾಣಿಸುವುದಿಲ್ಲ. ಇಲ್ಲಿ ರಾಗಿ ತೆನೆ, ಸ್ವಲ್ಪ ಮುಂದೆ ಹುರುಳಿ, ಅದರಾಚೆ ಅಲಸಂದೆ. ಬಸ್ಸು, ಲಾರಿ ಹರಿದು ಕಾಳು ಉದುರುತ್ತದೆ. ರಸ್ತೆಯಲ್ಲಿ ಒಕ್ಕಣೆ ಮಾಡಿದರೆ ಕೇಸು ಹಾಕುತ್ತೇವೆಂದು ಪೊಲೀಸರು ಎಚ್ಚರಿಸುತ್ತಾರೆ. ಪಾಪ, ರೈತರು ಇನ್ನೆಲ್ಲಿಗೆ ಹೋಗಬೇಕು ಎಂದು ಕನಿಕರದವರು ಕೇಳುತ್ತಾರೆ. ವರ್ಷ ವರ್ಷವೂ ಇದೇ ಜಗಳ. ರಸ್ತೆ ಮಾತ್ರ ತೆರವಾಗಿಲ್ಲ.

ಮೊದಲು ಕನಿಕರದ ಮಾತು. ಈ ಒಕ್ಕಣೆಯಲ್ಲಿ ಜಾರಿ ಬೀಳುವವರು ಯಾರು? ಹೆಚ್ಚಾಗಿ ಬೈಕಿನವರು: ಡೇರಿಗೆ ಹಾಲು ಹಾಕಲು ಹೊರಟವರು, ಸಂತೆಯಿಂದ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುವವರು. ಅಂದರೆ ಅದೇ ಊರಿನ, ಪಕ್ಕದೂರಿನ ರೈತರೇ. ರಾಗಿ ಕಾಳಿನ ಮೇಲೆ ಬ್ರೇಕ್ ಹಾಕಿದರೆ ಚಕ್ರ ಹಿಡಿತಕ್ಕೆ ಸಿಗದೆ ಜಾರುತ್ತದೆ. ಹುರುಳಿ ಬಳ್ಳಿ ಇನ್ನೂ ಕೆಟ್ಟದ್ದು. ಚಕ್ರಕ್ಕೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಕಾರುಗಳು ಹೊತ್ತಿ ಉರಿದದ್ದಿದೆ. ರಾತ್ರಿಯ ಅಪಾಯವೇ ಬೇರೆ. ರಾಶಿಗೆ ಟಾರ್ಪಾಲು ಹೊದಿಸಿ, ಸುತ್ತ ದಪ್ಪ ಕಲ್ಲು ಇಟ್ಟು ಮನೆಗೆ ಹೋಗುತ್ತಾರೆ. ಬೀದಿದೀಪವಿಲ್ಲದ ತಿರುವಿನಲ್ಲಿ, ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದಾಗ ಆ ಕಲ್ಲು ಕಾಣುವುದಿಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಸುಮಾರು ಶೇ 68ರಷ್ಟು ಜನ ಪ್ರಾಣ ಬಿಟ್ಟದ್ದು ಗ್ರಾಮೀಣ ಪ್ರದೇಶದಲ್ಲಿ; ಒಟ್ಟು ಸತ್ತವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಇವರೆಲ್ಲ ಒಕ್ಕಣೆಯಿಂದ ಸತ್ತವರಲ್ಲ, ನಿಜ. ಆದರೆ ಮೊದಲೇ ಇಷ್ಟು ಜೀವ ನುಂಗುವ ರಸ್ತೆಯ ಅರ್ಧಭಾಗ ಮುಚ್ಚುವುದನ್ನು ಬಡತನದ ಹೆಸರು ಹೇಳಿ ಸಮರ್ಥಿಸಲಾಗದು.

ಹಾಗೆಂದು ದಂಡವೇ ಮದ್ದು ಎನ್ನುವ ಅಧಿಕಾರಿಗಳ ವಾದವೂ ನಿಲ್ಲುವುದಿಲ್ಲ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಹಳೆಯ ದಂಡ ಸಂಹಿತೆಯಲ್ಲಿ 200 ರೂಪಾಯಿವರೆಗೆ ದಂಡವಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ ಅದನ್ನು 5,000 ರೂಪಾಯಿವರೆಗೆ ಏರಿಸಿತು. ಒಕ್ಕಣೆ ರಸ್ತೆಯಿಂದ ಇಳಿಯಲಿಲ್ಲ, ಏಕೆಂದರೆ ಇಳಿಸಲು ಜಾಗವೇ ಇಲ್ಲ. ಸಗಣಿಯಲ್ಲಿ ಸಾರಿಸಿ, ಮೇಟಿ ನೆಟ್ಟು, ಎತ್ತು ಹೂಡಿ ರೋಣಗಲ್ಲು ಉರುಳಿಸುತ್ತಿದ್ದ ಕಣಕ್ಕೆ ಜಾಗ, ಎತ್ತು, ಆಳು ಎಲ್ಲವೂ ಬೇಕಿತ್ತು. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ಚೂರಾಯಿತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಊರೊಟ್ಟಿನ ಜಾಗ ಒತ್ತುವರಿಯಾಯಿತು. ಅಷ್ಟರಲ್ಲಿ ಮನೆ ಮುಂದೆಯೇ ಗಟ್ಟಿ ಡಾಂಬರು ಬಿತ್ತು.

ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಉದ್ಯೋಗ ಖಾತರಿ ಕಾಮಗಾರಿಯಲ್ಲೇ ಒಕ್ಕಣೆ ಕಣ ಕಟ್ಟಿಸಿದ ಪಂಚಾಯಿತಿಗಳು ರಾಜ್ಯದಲ್ಲಿವೆ. ಯಂತ್ರಗಳನ್ನು ಬಾಡಿಗೆಗೆ ಕೊಡಲೆಂದೇ 2014–15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಬೆಂಬಲ ಬೆಲೆಗೆ ರಾಗಿ ಕೊಳ್ಳುವಾಗ ಕಲ್ಲು, ಮಣ್ಣು ಇರಬಾರದೆಂದು ಷರತ್ತು ಹಾಕುವ ಸರ್ಕಾರಕ್ಕೆ, ಆ ರಾಗಿ ಎಲ್ಲಿ ಒಕ್ಕಣೆಯಾಗಬೇಕೆಂದು ನೋಡುವ ಹೊಣೆಯೂ ಇದೆ.

ಕಣ ಕಟ್ಟಿಸದ ಊರಿನಲ್ಲಿ ದಂಡ ಹಾಕುವುದು ಅನ್ಯಾಯ. ಕಣ ಇದ್ದೂ ರಸ್ತೆಗೆ ತೆನೆ ಹಾಸುವವರಿಗೆ ಯಾವ ರಿಯಾಯಿತಿಯೂ ಬೇಡ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಮನೆಗಳ ಜೊತೆಗೆ ಕಣದ ಜಾಗವನ್ನೂ ಕೇಳಿ. ಸುಗ್ಗಿಗೆ ಮುನ್ನ ಅದು ಕಟ್ಟಿ ಮುಗಿಯುವವರೆಗೆ ಪಿಡಿಒ ಅವರನ್ನು ಬಿಡಬೇಡಿ.