‘ಸೇವೆ’ ಎಂದರೆ ಹಣ ಕೊಡಬೇಕಾಗಿಲ್ಲವೇ?



ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ಬೀದಿಗಿಳಿದಾಗಲೆಲ್ಲ ‘ಅದು ಸೇವೆ, ಸಂಬಳದ ಕೆಲಸವಲ್ಲ’ ಎಂಬ ಮಾತು ಕೇಳಿಬರುತ್ತದೆ. ಈ ಮಾತಿಗೆ ನನ್ನ ತಕರಾರಿದೆ.

2021ರ ಮೇ ತಿಂಗಳು. ಚಾಮರಾಜನಗರದಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತ ಸುದ್ದಿ ಕೇಳಿ ಊರಿಗೆ ಊರೇ ಹೆದರಿತ್ತು. ನಮ್ಮ ಮನೆಯಲ್ಲಿ ಅಮ್ಮ, ನಾನು ಇಬ್ಬರೂ ಕೋವಿಡ್ ಬಂದು ಹಾಸಿಗೆ ಹಿಡಿದಿದ್ದೆವು. ಆಶಾ ಅಕ್ಕ ದಿನಾ ಬೆಳಿಗ್ಗೆ ಬಂದು ಆಕ್ಸಿಮೀಟರನ್ನು ಜಗಲಿಯ ತುದಿಯಲ್ಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಮ್ಮನಿಗೆ ಅಂಕಿ ಕಾಣುತ್ತಿರಲಿಲ್ಲ. ಬೆರಳು ಸಿಕ್ಕಿಸಿಕೊಂಡು ಕೈಯನ್ನು ಅವರತ್ತ ಎತ್ತಿ ಹಿಡಿಯುತ್ತಿದ್ದಳು. ಒಂದು ದಿನ 91 ಬಂತು. ಅಂದು ಮಧ್ಯಾಹ್ನದವರೆಗೂ ಆ ಅಕ್ಕ ನಮ್ಮ ಹುಣಸೆಮರದ ಕೆಳಗೆ ನಿಂತು, ಆಂಬುಲೆನ್ಸ್ ಬರುವ ತನಕ ಫೋನ್ ಕೆಳಗಿಡಲಿಲ್ಲ.

ನೆರೆಹೊರೆಯವರೂ ಕೈಬಿಡಲಿಲ್ಲ. ಎದುರು ಮನೆಯವರು ಕಾಂಪೌಂಡ್ ಮೇಲೆ ಗಂಜಿ ಇಟ್ಟು ಕೂಗಿ ಹೇಳುತ್ತಿದ್ದರು. ಪಕ್ಕದವರು ನಮ್ಮ ಹಸುವಿನ ಹಾಲು ಕರೆದು ಡೇರಿಗೆ ಹಾಕಿದರು. ಅವರ ಋಣ ತೀರಿಸಲಾಗದು. ಆದರೆ ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರ ಬಿ.ಪಿ. ಮಾತ್ರೆ ಮುಗಿದಿದೆ, ಯಾವ ಬಸುರಿಗೆ ದಿನ ತುಂಬಿದೆ ಎಂದು ಊರಿಗೆ ತಿಳಿಯುತ್ತಿದ್ದುದು ಆ ಅಕ್ಕನ ನೋಟ್‌ಬುಕ್ಕಿನಿಂದಲೇ. ನಾವು ಜ್ವರ ಇಳಿದ ಮೇಲೆ ನಮ್ಮ ನಮ್ಮ ಕೆಲಸಕ್ಕೆ ಹೋದೆವು. ಅವರು ಲಸಿಕೆ ಪಟ್ಟಿ ಹಿಡಿದು ಮತ್ತೆ ಮನೆಮನೆ ಸುತ್ತಿದರು. ನಮ್ಮದು ಉಪಕಾರ, ಅವರದು ದುಡಿಮೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮಾಸಿಕ 12,000 ರೂಪಾಯಿ ಕೊಡಿ ಎಂದು ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದ್ದು 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದೇ ಹೆಣ್ಣುಮಕ್ಕಳು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದ ಮೇಲಷ್ಟೇ 10,000 ರೂಪಾಯಿಯ ಭರವಸೆ ಸಿಕ್ಕಿತು. ನಾಲ್ಕೂವರೆ ವರ್ಷ ಕಳೆದರೂ ಮೊದಲು ಕೇಳಿದಷ್ಟು ಸಿಗಲಿಲ್ಲ!

ಮೊನ್ನೆ ಡೆಂಗಿ ಸಮೀಕ್ಷೆಗೆ ಬಂದ ಅಕ್ಕ ನಮ್ಮ ನೀರಿನ ತೊಟ್ಟಿಗೆ ಟಾರ್ಚ್ ಬಿಟ್ಟು ನೋಡಿ, ಅಮ್ಮನ ಬಿ.ಪಿ. ವಿಚಾರಿಸಿ ಹೋದರು. ಇವರಿಗೆ ಬರಬೇಕಾದ ಹಣವನ್ನು ಮಾಡಿದ ಕೆಲಸ ನಮೂದಿಸುವ ಪೋರ್ಟಲ್‌ನ ಲೆಕ್ಕಕ್ಕೆ ಗಂಟುಹಾಕದೆ, ನಿಗದಿತ ವೇತನವಾಗಿ ತಿಂಗಳ ಮೊದಲ ವಾರದಲ್ಲೇ ಖಾತೆಗೆ ಹಾಕಲಿ. ಆರೋಗ್ಯ ಇಲಾಖೆ ಇದಕ್ಕೆ ಇನ್ನೊಂದು ಸೋಂಕು ಬರುವವರೆಗೆ ಕಾಯುವುದು ಬೇಡ.

— ಒಬ್ಬ ಓದುಗ, ತುಮಕೂರು ಜಿಲ್ಲೆ